ವಶೀಲಿ ಇಲ್ಲದೋರಿಗೆ ಮಾರ್ಕ್ಸ್ ಕಾರ್ಡೇ ವಶೀಲಿ

ಈ ಸಲ ಬಂದಿರೋ ಪತ್ರಗಳಲ್ಲಿ ಒಂದನ್ನ ಮಾತ್ರ ಎತ್ಕೊಂಡಿದೀನಿ, ಉಳಿದವರು ಬೇಜಾರು ಮಾಡ್ಕೋಬಾರ್ದು. ಹೋದ ವರ್ಷ ಡಿಗ್ರಿ ಮುಗಿಸಿರೋ ಓದುಗರೊಬ್ಬರು ಬರೆದಿದಾರೆ. ಒಟ್ಟು 58 ಪರ್ಸೆಂಟ್ ಬಂದಿದೆ, ಕಂಪನಿಗಳು ಕೇಳೋದು 60, ಅರ್ಜಿ ತುಂಬೋವಾಗ್ಲೇ ಕಂಪ್ಯೂಟರ್ ರಿಜೆಕ್ಟ್ ಮಾಡತ್ತಂತೆ, ಇಲ್ಲೀವರೆಗೂ ಒಬ್ಬ ಎಚ್ಆರ್ ಮುಖಾನೂ ಕಂಡಿಲ್ವಂತೆ. "ಸಾರ್, ಮಾರ್ಕ್ಸ್‌ಗೂ ಕೆಲಸಕ್ಕೂ ಏನು ಸಂಬಂಧ? ಐನ್‌ಸ್ಟೈನ್‌ಗೂ ಒಳ್ಳೆ ಮಾರ್ಕ್ಸ್ ಇರ್ಲಿಲ್ಲ. ಡಿಗ್ರಿ ಸರ್ಟಿಫಿಕೇಟ್ ಮೇಲೆ ಕ್ಲಾಸು ಗ್ರೇಡು ಹಾಕೋದನ್ನೇ ನಿಲ್ಲಿಸ್ಲಿ, ಎಲ್ರನ್ನೂ ಇಂಟರ್ವ್ಯೂಗೆ ಕರೀಲಿ. ಇದರ ಬಗ್ಗೆ ನೀವೊಂದು ಸಂಪಾದಕೀಯ ಬರೀಲೇಬೇಕು" ಅಂತ ಕೇಳಿದಾರೆ. ಕೊನೇಲಿ 'ಓದು ಒಕ್ಕಾಲು ಬುದ್ಧಿ ಮುಕ್ಕಾಲು' ಅಂತ ಗಾದೆ ಬೇರೆ.

ಪತ್ರ ಚೆನ್ನಾಗಿದೆಯಮ್ಮಾ, ಒಂದು ಕಾಗುಣಿತ ತಪ್ಪಿಲ್ಲ, ಸಿಟ್ಟಲ್ಲೂ ವಾಕ್ಯ ಹದ ತಪ್ಪಿಲ್ಲ, ಇಷ್ಟು ಚೆನ್ನಾಗಿ ಬರಿಯೋರು ಈಗ ಕಮ್ಮಿ. ನಿಮ್ಮ ಮಾತಲ್ಲಿ ನ್ಯಾಯಾನೂ ಇದೆ. 58ಕ್ಕೂ 60ಕ್ಕೂ ಮಧ್ಯೆ ಬುದ್ಧಿಯ ವ್ಯತ್ಯಾಸ ಇದೆ ಅಂತ ನಂಬೋನು ಜನ್ಮದಲ್ಲಿ ಪೇಪರ್ ವ್ಯಾಲ್ಯುಯೇಶನ್ ಮಾಡಿರಲ್ಲ. 1912ರಲ್ಲೇ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಅನ್ನೋರು ಒಂದೇ ಇಂಗ್ಲಿಷ್ ಉತ್ತರ ಪತ್ರಿಕೇನ 142 ಮೇಷ್ಟ್ರುಗಳ ಕೈಲಿ ತಿದ್ದಿಸಿದ್ರು. ಒಬ್ಬರು 64 ಕೊಟ್ರೆ ಇನ್ನೊಬ್ಬರು 98. ಸರಿ, ಅದು ಭಾಷೆ ಅಲ್ವಾ ಅಂದ್ಕೊಂಡು ಆಮೇಲೆ ಜಾಮಿಟ್ರಿ ಪೇಪರ್ ಕೊಟ್ರೆ 30ಕ್ಕಿಂತ ಕೆಳಗಿಂದ 90ರ ಮೇಲಿನ ತನಕ ಬಂತು! ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿದೋರ ಬಗ್ಗೆ ಫೆಂಗ್ ಮತ್ತು ಗ್ರೇಟ್ಸ್ ಅನ್ನೋ ಇಬ್ಬರು ಮಾಡಿದ ಲೆಕ್ಕಾನೂ ಇದೆ. ಅಲ್ಲಿ ಫಸ್ಟ್ ಕ್ಲಾಸ್ ಕೆಳಗೆ ಸೆಕೆಂಡ್ ಕ್ಲಾಸನ್ನ ಮೇಲಿಂದು ಕೆಳಗಿಂದು ಅಂತ ಎರಡು ಮಾಡಿದಾರೆ. ಗೆರೆ ಸ್ವಲ್ಪದರಲ್ಲಿ ದಾಟಿದೋರು, ಸ್ವಲ್ಪದರಲ್ಲಿ ತಪ್ಪಿಸ್ಕೊಂಡೋರು, ಇವರಿಬ್ಬರನ್ನೇ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಫಸ್ಟ್ ಕ್ಲಾಸ್ ಸಿಕ್ಕಿದ್ದಕ್ಕೆ ಶುರುವಿನ ಸಂಬಳ ಸುಮಾರು 3 ಪರ್ಸೆಂಟ್ ಜಾಸ್ತಿ, ಮೇಲಿನ ಸೆಕೆಂಡ್ ಕ್ಲಾಸ್ ಸಿಕ್ಕಿದ್ದಕ್ಕೆ ಸುಮಾರು 7 ಪರ್ಸೆಂಟ್. ಓದು ಒಂದೇ, ಯೋಗ್ಯತೆ ಒಂದೇ, ಮಧ್ಯೆ ಒಂದು ಗೆರೆ ಬಿದ್ದಿದೆ ಅಷ್ಟೇ. ಅನ್ಯಾಯಾನೇ.

ಇಷ್ಟು ನಿಮಗೆ ಬಿಟ್ಟುಕೊಟ್ಟೆ. ಇನ್ನು ಮುಂದೆ ಜಗಳ.

ಐನ್‌ಸ್ಟೈನ್ ಕತೇನ ಪೂರ್ತಿ ಹೇಳ್ತೀನಿ ಕೇಳಿ, ಯಾಕಂದ್ರೆ ಎಲ್ರೂ ಅರ್ಧಕ್ಕೇ ನಿಲ್ಲಿಸ್ತಾರೆ. 1900ರಲ್ಲಿ ಜ್ಯೂರಿಕ್ ಪಾಲಿಟೆಕ್ನಿಕ್‌ನ ಕೊನೇ ಪರೀಕ್ಷೇಲಿ ಅವರಿಗೆ ಬಂದಿದ್ದು 6ಕ್ಕೆ 4.91, ಜೊತೆಗೆ ಕೂತ ಐದು ಜನರಲ್ಲಿ ನಾಲ್ಕನೇ ಸ್ಥಾನ. ಐದನೆಯವರು ಮುಂದೆ ಅವರ ಹೆಂಡತಿ ಆದ ಮಿಲೆವಾ ಮಾರಿಚ್, ಅವರು ಫೇಲು. ಆಮೇಲೆ ಐನ್‌ಸ್ಟೈನ್ ಕಂಡಕಂಡ ಪ್ರೊಫೆಸರ್‌ಗೆಲ್ಲ ಪತ್ರ ಬರೆದ್ರು, ಯಾರೂ ಅಸಿಸ್ಟೆಂಟ್ ಮಾಡ್ಕೊಳ್ಳಲಿಲ್ಲ, ಟ್ಯೂಷನ್ ಹೇಳ್ಕೊಂಡು ಅಲ್ಲಿ ಇಲ್ಲಿ ಟೆಂಪರರಿ ಪಾಠ ಮಾಡ್ಕೊಂಡು ಅಲೆದ್ರು. 1902ರಲ್ಲಿ ಬರ್ನ್‌ನ ಪೇಟೆಂಟ್ ಆಫೀಸಲ್ಲಿ ಕೆಲಸ ಸಿಕ್ತು. ಹೆಂಗೆ ಸಿಕ್ತು? ಮಾರ್ಸೆಲ್ ಗ್ರಾಸ್‌ಮನ್ ಅಂತ ಕ್ಲಾಸ್‌ಮೇಟ್, ಪರೀಕ್ಷೆ ಟೈಮಲ್ಲಿ ಐನ್‌ಸ್ಟೈನ್ ಓದಿದ್ದೂ ಅವರ ನೋಟ್ಸೇ, ಅವರಪ್ಪ ಆ ಆಫೀಸಿನ ಡೈರೆಕ್ಟರ್‌ಗೆ ಇವರ ಪರವಾಗಿ ಮಾತು ಹೇಳಿದ್ರು. ಅಂದ್ರೆ ಮಾರ್ಕ್ಸ್ ಕೈಕೊಟ್ಟಾಗ ಕೈಹಿಡಿದಿದ್ದು ಪ್ರತಿಭೆ ಅಲ್ಲ, ಗೆಳೆಯನ ಅಪ್ಪ! ಮಿಲೆವಾಗೆ ಅಂಥ ಬಾಗಿಲು ಯಾರೂ ತೆಗೀಲಿಲ್ಲ, ಅದಕ್ಕೇ ಅವರ ಉದಾಹರಣೇನ ಯಾರೂ ಕೊಡೋದೂ ಇಲ್ಲ. ಇನ್ನು ಹಾರ್ವರ್ಡ್ ಬಿಟ್ಟು ಕಂಪನಿ ಕಟ್ಟಿದೋರ ಕತೆ ಹೇಳೋರಿಗೂ ನನ್ನದೊಂದೇ ಪ್ರಶ್ನೆ, ಬಿಡೋಕೆ ಮುಂಚೆ ಅಲ್ಲಿಗೆ ಸೇರೋಕೆ ಏನು ಬೇಕಿತ್ತು ಸ್ವಾಮಿ?

ನಾನು ಈ ಕಸುಬಿಗೆ ಬಂದಾಗ ಮೊದಲು ಹೋದ ಇಂಟರ್ವ್ಯೂಲಿ (ಪತ್ರಿಕೆ ಹೆಸರು ಬೇಡ, ಈಗ್ಲೂ ನಡೀತಾ ಇದೆ) ಕೇಳಿದ ಮೊದಲ ಪ್ರಶ್ನೆ "ಯಾರ ಕಡೆಯಿಂದ ಬಂದಿದೀರಿ?" ಯಾರ ಕಡೆಯಿಂದಾನೂ ಇಲ್ಲ ಅಂದೆ. ಅವರು ಪೆನ್ನು ಕೆಳಗಿಟ್ರು. ಆಗ ನಾನು ಮೇಜಿನ ಮೇಲೆ ಇಡೋಕೆ ಸಾಧ್ಯ ಇದ್ದಿದ್ದು ಒಂದೇ ವಸ್ತು, ಮಾರ್ಕ್ಸ್ ಕಾರ್ಡು. ಅದನ್ನ ನೋಡಿದ ಮೇಲೆ ಎರಡನೇ ಪ್ರಶ್ನೆ ಬಂತು. ಆ ಕಾಗದಾನೂ ಇಲ್ದೇ ಇದ್ದಿದ್ರೆ ಟೀ ಕುಡಿಸಿ ಕಳಿಸ್ತಿದ್ರು, ಟೀನೂ ಅನುಮಾನ.

ಪರೀಕ್ಷೆ ಅನ್ನೋದು ಬಡವರನ್ನ ತುಳಿಯೋಕೆ ಹುಟ್ಟಿದ್ದು ಅಂತ ಈಗ ದೊಡ್ಡ ದೊಡ್ಡ ಭಾಷಣ ಕೇಳ್ತೀವಲ್ಲ, ಇತಿಹಾಸ ನೋಡಿದ್ರೆ ವಿಷಯ ಬೇರೆ ಇದೆ. ಬ್ರಿಟನ್ನಿನ ಸರ್ಕಾರಿ ಕಚೇರಿಗಳಲ್ಲಿ ದೊಡ್ಡೋರ ಮಕ್ಕಳು ಅಳಿಯಂದಿರು ತುಂಬ್ಕೊಂಡು ಕೂತಿದ್ದಾಗ, 1854ರಲ್ಲಿ ನಾರ್ತ್‌ಕೋಟ್ ಮತ್ತು ಟ್ರೆವೆಲಿಯನ್ ವರದಿ ಕೊಟ್ರು, ಶಿಫಾರಸು ಬಿಡಿ, ಎಲ್ರಿಗೂ ತೆರೆದ ಪರೀಕ್ಷೆ ಇಡಿ ಅಂತ. ಇಂಡಿಯನ್ ಸಿವಿಲ್ ಸರ್ವಿಸ್‌ಗೂ ಅಷ್ಟೇ, ಈಸ್ಟ್ ಇಂಡಿಯಾ ಕಂಪನಿ ಡೈರೆಕ್ಟರ್‌ಗಳು ಬೇಕಾದೋರನ್ನ ನಾಮಿನೇಟ್ ಮಾಡ್ತಿದ್ದಿದ್ದು ಹೋಗಿ 1855ರಲ್ಲಿ ಪರೀಕ್ಷೆ ಶುರುವಾಯ್ತು. 1863ರಲ್ಲಿ ಸತ್ಯೇಂದ್ರನಾಥ ಟ್ಯಾಗೋರ್ ಲಂಡನ್ನಿಗೇ ಹೋಗಿ ಅದನ್ನ ಪಾಸು ಮಾಡಿ ಮೊದಲ ಭಾರತೀಯ ಅನ್ನಿಸ್ಕೊಂಡ್ರು. ಅವರ ಮನೆತನ ದೊಡ್ಡದೇ, ಆದ್ರೂ ನಾಮಿನೇಷನ್ನೇ ನಡೀತಿದ್ದಿದ್ರೆ ಯಾವ ಡೈರೆಕ್ಟರ್ ಅವರ ಹೆಸರು ಬರೀತಿದ್ದ?

ಈಗ ನಿಮ್ಮ ಇಂಟರ್ವ್ಯೂ ವಿಷಯಕ್ಕೆ ಬರ್ತೀನಿ. ಎದುರಿಗೆ ಕೂರಿಸ್ಕೊಂಡು ಮಾತಾಡಿದ್ರೆ ಮನುಷ್ಯ ಗೊತ್ತಾಗ್ತಾನೆ ಅನ್ನೋದು ನಮಗೆಲ್ಲ ಇರೋ ಭ್ರಮೆ, ಕೆಲಸ ಕೊಡೋರಿಗೆ ಇನ್ನೂ ಜಾಸ್ತಿ. 2022ರಲ್ಲಿ ಸ್ಯಾಕೆಟ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಹಳೇ ಸಂಶೋಧನೆಗಳನ್ನೆಲ್ಲ ಮತ್ತೆ ತೂಗಿ ನೋಡಿದ್ರು. ಆಯ್ಕೆ ಮಾಡೋ ವಿಧಾನಕ್ಕೂ ಮುಂದೆ ಆ ಮನುಷ್ಯ ಮಾಡೋ ಕೆಲಸಕ್ಕೂ ಎಷ್ಟು ಹೊಂದಾಣಿಕೆ ಅಂತ ಸೊನ್ನೆಯಿಂದ ಒಂದರ ಅಳತೇಲಿ ಹೇಳ್ತಾರೆ. ಎಲ್ರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ರೀತಿ ಅಂಕ ಕೊಡೋ ಇಂಟರ್ವ್ಯೂಗೆ 0.42, ಬಾಯಿಗೆ ಬಂದಿದ್ದು ಕೇಳೋ ಇಂಟರ್ವ್ಯೂಗೆ ಬರೀ 0.19. ನಿಮ್ಮ ಕಾಲೇಜ್ ಗ್ರೇಡ್‌ಗಳ ಬಗ್ಗೆ 1996ರಲ್ಲಿ ರಾತ್ ಅನ್ನೋರ ತಂಡ ಹೀಗೇ ಹಳೇ ಸಂಶೋಧನೆಗಳನ್ನ ಒಟ್ಟು ಮಾಡಿದಾಗ, ಅಳತೆಯ ಕೊರತೆಗಳನ್ನ ಸರಿಪಡಿಸಿದ ಮೇಲಿನ ಸಂಖ್ಯೆ 0.3 ದಾಟಿತ್ತು. ಅದೇನು ಭಾರೀ ಸಂಖ್ಯೆ ಅಲ್ಲ, ಒಪ್ತೀನಿ, ಆದ್ರೆ ಹರಟೆ ಹೊಡೆಯೋ ಇಂಟರ್ವ್ಯೂಗಿಂತ ವಾಸಿ ಅಲ್ವಾ?

ಅದೂ ಹೋಗ್ಲಿ, ಆ ಹರಟೇಲಿ ಏನು ಹುಡುಕ್ತಾರೆ ಗೊತ್ತಾ? ಲಾರೆನ್ ರಿವೇರಾ ಅನ್ನೋ ಸಮಾಜಶಾಸ್ತ್ರಜ್ಞೆ ಅಮೆರಿಕದ ದೊಡ್ಡ ಬ್ಯಾಂಕು, ಲಾ ಫರ್ಮು, ಕನ್ಸಲ್ಟಿಂಗ್ ಕಂಪನಿಗಳಲ್ಲಿ ನೇಮಕ ಮಾಡೋ 120 ಜನರನ್ನ ಮಾತಾಡಿಸಿ 2012ರಲ್ಲಿ ಬರೆದ್ರು. ಅರ್ಧಕ್ಕಿಂತ ಜಾಸ್ತಿ ಜನ ಇಂಟರ್ವ್ಯೂಲಿ ಮುಖ್ಯವಾಗಿ ನೋಡೋದು 'ಕಲ್ಚರಲ್ ಫಿಟ್' ಅಂದ್ರು. ಬಿಡಿಸಿ ಹೇಳಬೇಕಂದ್ರೆ ಇವನ ಹವ್ಯಾಸ ನನ್ನ ಥರಾನೇನಾ, ಇವನ ಮನೆತನ ನಡೆನುಡಿ ನಮ್ಮ ಥರಾನೇನಾ. "ಯಾರ ಕಡೆಯಿಂದ ಬಂದಿದೀರಿ" ಅನ್ನೋ ಪ್ರಶ್ನೇನೇ ಸೂಟು ಹಾಕ್ಕೊಂಡು ಬಂದಿದೆ. ಸಾಫ್ಟ್ ಸ್ಕಿಲ್ಸು, ಪರ್ಸನಾಲಿಟಿ, ನೆಟ್‌ವರ್ಕಿಂಗು, ಸಂಬಳ ಇಲ್ದೇ ಆರು ತಿಂಗಳು ಮಾಡೋ ಇಂಟರ್ನ್‌ಶಿಪ್ಪು, ಇವೆಲ್ಲ ಯಾರ ಮನೇಲಿ ಸಲೀಸಾಗಿ ಸಿಗತ್ತೆ ನೀವೇ ಯೋಚನೆ ಮಾಡಿ. ಮಾರ್ಕ್ಸ್ ಬೇಡ ಅನ್ನೋ ಘೋಷಣೆ ಕೂಗೋರಲ್ಲಿ ಸಾಕಷ್ಟು ಜನಕ್ಕೆ ಮಾರ್ಕ್ಸ್ ಬೇಕಾಗೇ ಇರಲ್ಲ, ಅವರ ಜೊತೆ ಸೇರ್ಕೊಂಡು ನೀವ್ಯಾಕೆ ಕೂಗ್ತೀರಿ?

ಯೂನಿವರ್ಸಿಟಿಗಳ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಕಕ್ಕಿಬಿಡ್ತೀನಿ. ಇಂಗ್ಲೆಂಡಿನಲ್ಲಿ 2010-11ರಲ್ಲಿ ಫಸ್ಟ್ ಕ್ಲಾಸ್ ತಗೊಂಡೋರು 15.7 ಪರ್ಸೆಂಟ್, 2020-21ಕ್ಕೆ ಅದು 37.9. ಕೋವಿಡ್ ವರ್ಷ ಅಂತ ಸ್ವಲ್ಪ ಬಿಟ್ರೂ ಇಷ್ಟೊಂದಾ? ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟಿಯೋರು 2004ರಲ್ಲಿ ಎ ಗ್ರೇಡ್ 35 ಪರ್ಸೆಂಟ್ ದಾಟಬಾರ್ದು ಅಂತ ಕಟ್ಟುನಿಟ್ಟು ಮಾಡಿದ್ರು, ನಮ್ಮ ಮಕ್ಕಳಿಗೆ ಮಾತ್ರ ಯಾಕೆ ಶಿಕ್ಷೆ ಅಂತ ಗಲಾಟೆ ಆಗಿ 2014ರಲ್ಲಿ ಕೈಬಿಟ್ರು. ಎಲ್ರಿಗೂ ಫಸ್ಟ್ ಕ್ಲಾಸ್ ಹಂಚಿದ್ರೆ ಆರಿಸೋನು ಏನು ಮಾಡ್ತಾನೆ? ಕಾಲೇಜಿನ ಹೆಸರು ನೋಡ್ತಾನೆ, ಇಂಗ್ಲಿಷ್ ಉಚ್ಚಾರಣೆ ನೋಡ್ತಾನೆ. ಉದಾರವಾಗಿ ಮಾರ್ಕ್ಸ್ ಕೊಟ್ಟು ಮಕ್ಕಳನ್ನ ಉದ್ಧಾರ ಮಾಡಿದ್ವಿ ಅಂದ್ಕೊಂಡಿರೋ ಮೇಷ್ಟ್ರುಗಳಿಗೆ ಇದು ಯಾವತ್ತು ಅರ್ಥ ಆಗತ್ತೋ.

ಸರಿ, ನಿಮಗೆ ಬೇಕಾಗಿರೋದು ಕೆಲಸ, ನನ್ನ ಭಾಷಣ ಅಲ್ಲ. ಕಟಾಫ್ ಎಲ್ಲಾ ಕಡೆ ಇಲ್ಲ. ಅರ್ನ್ಸ್ಟ್ ಅಂಡ್ ಯಂಗ್ ಅನ್ನೋ ದೊಡ್ಡ ಆಡಿಟ್ ಕಂಪನಿ ಬ್ರಿಟನ್ನಿನಲ್ಲಿ 2015ರಲ್ಲೇ ಡಿಗ್ರಿ ಕ್ಲಾಸಿನ ಕಟಾಫ್ ತೆಗೀತು, ಮಾರ್ಕ್ಸ್ ನೋಡೋದನ್ನ ಬಿಡ್ಲಿಲ್ಲ, ಬಾಗಿಲಲ್ಲೇ ತಡೆಯೋದನ್ನ ಬಿಡ್ತು, ಜೊತೆಗೆ ಎಲ್ರಿಗೂ ತಾನೇ ಒಂದು ಟೆಸ್ಟ್ ಇಟ್ಟಿತು. ಅಂಥ ಟೆಸ್ಟ್ ಇಡೋ ಕಡೆ ಮೊದಲು ಅರ್ಜಿ ಹಾಕಿ. ಗೂಗಲ್‌ನ ನೇಮಕಾತಿ ನೋಡ್ಕೊಳ್ತಿದ್ದ ಲಾಸ್ಲೊ ಬಾಕ್ 2013ರಲ್ಲಿ ಗ್ರೇಡ್‌ಗೆ ಬೆಲೆ ಇಲ್ಲ ಅಂದಿದ್ದನ್ನ ಎಲ್ರೂ ಸ್ಟೇಟಸ್ ಹಾಕ್ಕೋತಾರೆ, ಆದ್ರೆ ಈಗಷ್ಟೇ ಕಾಲೇಜಿಂದ ಬಂದೋರಲ್ಲಿ ಸ್ವಲ್ಪ ಸಂಬಂಧ ಕಾಣತ್ತೆ ಅಂತ ಅದೇ ಉಸಿರಲ್ಲಿ ಹೇಳಿದ್ದನ್ನ ಬಿಟ್ಟುಬಿಡ್ತಾರೆ. ರಾತ್ ತಂಡದ ಲೆಕ್ಕದಲ್ಲೂ ಅಷ್ಟೇ, ಡಿಗ್ರಿ ಮುಗಿದು ವರ್ಷ ಕಳೆದಷ್ಟೂ ಗ್ರೇಡಿನ ಸಂಬಂಧ ಸಡಿಲ ಆಗ್ತಾ ಹೋಗತ್ತೆ. ಹಂಗಾಗಿ ಮೊದಲ ಕೆಲಸ ಸಣ್ಣದಾದ್ರೂ ಸೇರ್ಕೊಂಡುಬಿಡಿ, ಎರಡನೇ ಕೆಲಸಕ್ಕೆ ಹೋದಾಗ ಹಿಂದಿನ ಕಡೆ ಏನು ಮಾಡಿದ್ರಿ ಅಂತ ಮೊದಲು ಕೇಳ್ತಾರೆ. ಮುಂದೆ ಸಂಶೋಧನೆ ಪಾಠ ಅಂತ ಹೋಗೋದಾದ್ರೆ ಮಾತ್ರ ಈ 58 ಅಷ್ಟು ಬೇಗ ಬೆನ್ನು ಬಿಡಲ್ಲ, ಅದಕ್ಕೆ ಮಾಸ್ಟರ್ಸ್‌ನಲ್ಲಿ ಮಾರ್ಕ್ಸ್ ತೆಗೀಬೇಕು. ಇನ್ನೊಂದು, ಪತ್ರದ ಕೊನೇಲಿ ಮೊದಲ ವರ್ಷ 49, ಕೊನೇ ವರ್ಷ 68 ಅಂತ ಸಣ್ಣಕ್ಷರದಲ್ಲಿ ಬರೆದಿದೀರಿ. ಅಲ್ಲಮ್ಮಾ, ಅದನ್ನ ಯಾಕೆ ಅಷ್ಟು ಕೆಳಗೆ ಬಚ್ಚಿಟ್ರಿ? ರೆಸ್ಯೂಮೆ ಮೊದಲ ಪುಟದಲ್ಲಿ ವರ್ಷವಾರು ಮಾರ್ಕ್ಸ್ ಹಾಕಿ, ಒಟ್ಟು ಪರ್ಸೆಂಟೇಜ್ ಕೆಳಗಿರ್ಲಿ.