ಬೋರ್‌ವೆಲ್ ನೀರಿನಿಂದಲೇ ಕಿಡ್ನಿಯಲ್ಲಿ ಕಲ್ಲಾಗುತ್ತದೆಯೇ?

ಬೋರ್‌ವೆಲ್ ನೀರು ಕುಡಿದು 5 ಮಿಲಿಮೀಟರ್ ಕಲ್ಲಾಗಿದೆ, ಹಾಲು ಮೊಸರು ಬಿಟ್ಟು ಬಾಳೆದಿಂಡಿನ ರಸ ಕುಡಿಯುತ್ತಿದ್ದೇನೆ, ಸರಿಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಕಲ್ಲು ಹೆತ್ತವನು. ಆ ಅನುಭವದಿಂದ ಹೇಳುತ್ತೇನೆ.

ಬೆಂಗಳೂರಿನ ನಮ್ಮ ಮನೆಗೆ ಮೊದಲಿನಿಂದಲೂ ಕಾವೇರಿ ನೀರು. ಆದರೂ 2019ರಲ್ಲಿ ಕಲ್ಲಾಯಿತು. ಆಗ ವಿಜಯನಗರದಿಂದ ವೈಟ್‌ಫೀಲ್ಡಿಗೆ ಬಸ್ಸಿನಲ್ಲಿ ಎರಡೂವರೆ ಗಂಟೆ. ನಡುದಾರಿಯಲ್ಲಿ ಅವಸರವಾದರೆ ಗತಿಯೇನೆಂದು ಬೆಳಿಗ್ಗೆ ನೀರನ್ನೇ ಮುಟ್ಟುತ್ತಿರಲಿಲ್ಲ. ಇಲ್ಲಿನ ತಂಪು ಹವೆಯಲ್ಲಿ, ಮೇಲೆ ಕಚೇರಿಯ ಎ.ಸಿ.ಯಲ್ಲಿ, ಬಾಯಾರಿಕೆಯೂ ಆಗುವುದಿಲ್ಲ. ಮೂತ್ರ ಗಟ್ಟಿಯಾದರೆ ಅದರಲ್ಲಿರುವ ಕ್ಯಾಲ್ಸಿಯಂ, ಆಹಾರದಿಂದಲೂ ಬರುವ ಆಕ್ಸಲೇಟ್ ಎಂಬ ವಸ್ತುವಿನ ಜತೆ ಕೂಡಿ, ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟಿದಂತೆ, ಹರಳುಗಟ್ಟುತ್ತದೆ. ಹೆಚ್ಚಿನವರ ಕಲ್ಲು ಇದೇ ಜಾತಿಯದು. ಹಾಗಾಗಿ ಕುಡಿದ ನೀರನ್ನು ಬೈಯುವ ಮೊದಲು ಕುಡಿಯದೆ ಬಿಟ್ಟ ನೀರಿನ ಲೆಕ್ಕ ಹಾಕಿ. ದಿನಕ್ಕೆ ಸುಮಾರು 2.5 ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು. ಬಣ್ಣ ತಿಳಿಯಾದ ನಿಂಬೆ ಪಾನಕದಂತಿದ್ದರೆ ಸರಿ, ಬೇಳೆಕಟ್ಟಿನಂತಿದ್ದರೆ ಸಾಲದು. (ಹೃದಯದ ತೊಂದರೆಯೋ ಕಿಡ್ನಿ ವೈಫಲ್ಯವೋ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ನೀರು ಹೆಚ್ಚಿಸಬಾರದು.)

ಹಾಲು ಮೊಸರು ಬಿಟ್ಟದ್ದು ತಪ್ಪು. ನಾನೂ ಆರು ತಿಂಗಳು ಮೊಸರನ್ನವಿಲ್ಲದೆ ಕೊರಗಿದೆ. ಊಟದ ಜತೆ ಹೋದ ಹಾಲು ಮೊಸರಿನ ಕ್ಯಾಲ್ಸಿಯಂ, ಆಹಾರದ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಮಲದ ಜತೆ ಸಾಗಹಾಕುತ್ತದೆ. ಅದಿಲ್ಲದಿದ್ದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಪಾಲಕ್ ಮತ್ತು ಬೀಟ್‌ರೂಟಿನಲ್ಲಿ ಆಕ್ಸಲೇಟ್ ಹೆಚ್ಚು, ಅವು ಹಿತಮಿತವಾಗಿರಲಿ. ನಿಜವಾಗಿ ಕಡಿಮೆ ಮಾಡಬೇಕಾದದ್ದು ಉಪ್ಪು. ಉಪ್ಪು ಹೆಚ್ಚಿದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಉಪ್ಪಿನಕಾಯಿ, ಹಪ್ಪಳ ಬಿಡಲು ನನಗೆ ಕಷ್ಟವಾಗಲಿಲ್ಲ. ಸಂಜೆಯ ಕಾಂಗ್ರೆಸ್ ಕಡಲೆಬೀಜದ ಪೊಟ್ಟಣ ಬಿಡಲು ಒಂದು ವರ್ಷ ಹಿಡಿಯಿತು, ಅದರಲ್ಲಿ ಉಪ್ಪೂ ಇದೆ, ಆಕ್ಸಲೇಟೂ ಇದೆ.

ಬಾಳೆದಿಂಡು ತಿನ್ನಿ, ಪಲ್ಯ ರುಚಿಯಾಗಿರುತ್ತದೆ. ಅದು ಕಲ್ಲು ಕರಗಿಸುತ್ತದೆಂದು ಚಿಕಿತ್ಸೆ ಮುಂದೂಡಬೇಡಿ. ನಿಂಬೆರಸಕ್ಕೆ ಸ್ವಲ್ಪ ಆಧಾರವಿದೆ, ಅದರಲ್ಲಿರುವ ಸಿಟ್ರೇಟ್ ಎಂಬ ಅಂಶ ಹರಳು ಕಟ್ಟುವುದನ್ನು ತಡೆಯುತ್ತದೆ. ಉಪ್ಪು ಹಾಕಬೇಡಿ, ಅಷ್ಟೇ.

5 ಮಿಲಿಮೀಟರಿನ ಕಲ್ಲು ತಾನಾಗಿಯೇ ಬೀಳುವ ಸಾಧ್ಯತೆ ಸಾಕಷ್ಟಿದೆ. ಆದರೆ ನೋವಿನ ಜತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಬಿದ್ದ ಕಲ್ಲನ್ನು ಚಹಾ ಸೋಸುವ ಜರಡಿಯಲ್ಲಿ ಹಿಡಿದು ಲ್ಯಾಬಿಗೆ ಕೊಡಿ. ಯೂರಿಕ್ ಆಮ್ಲದ ಕಲ್ಲಾದರೆ ಪಥ್ಯ, ಔಷಧಿ ಎರಡೂ ಬೇರೆ. ನನ್ನದು ಹೆಸರುಕಾಳಿಗಿಂತ ಚಿಕ್ಕದು, ಕಂದು ಬಣ್ಣ, ಮೈತುಂಬ ನೆಗ್ಗಿಲುಮುಳ್ಳಿನಂತೆ ಮೊನೆಗಳು. ಇಷ್ಟಕ್ಕೇ ಅಂದು ರಾತ್ರಿ ನೆಲದ ಮೇಲೆ ಹೊರಳಾಡಿದೆನೇ ಎಂದು ನಾಚಿಕೆಯಾಯಿತು. ಜರಡಿ ಹೊಸದನ್ನೇ ಕೊಳ್ಳಿ. ನಾನು ಅಡುಗೆಮನೆಯದನ್ನು ತೆಗೆದುಕೊಂಡದ್ದಕ್ಕೆ ಮನೆಯಲ್ಲಿ ಇಂದಿಗೂ ಮಾತು ಕೇಳುತ್ತಿದ್ದೇನೆ.