ಇಂಕಾ ಟ್ರೇಲ್ ಪರ್ಮಿಟ್ ಸಿಗದಿದ್ದರೆ ಕುಸ್ಕೊ ಸುತ್ತ ನಡೆದು ನೋಡುವಂಥದ್ದು ಏನಿದೆ?

ಬೇಕಾದಷ್ಟಿದೆ. ಜೂನ್‌ನಲ್ಲಿ ಪೆರುವಿಗೆ ಹೊರಟಿದ್ದೀರಿ, ಪರ್ಮಿಟ್ ಖಾಲಿಯಾಗಿದೆ, ಜೊತೆಗೆ ಅರವತ್ತರ ಹತ್ತಿರದ ಅಮ್ಮ ಇದ್ದಾರೆ, ಇಬ್ಬರೂ ಸಸ್ಯಾಹಾರಿಗಳು ಅಂತ ಬರೆದಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ. ಅದು ಸ್ಪೇನಿನವರು ಬರುವ ಮುಂಚೆ ಅಲ್ಲಿ ಆಳಿದ ಇಂಕಾಗಳ ಬೆಟ್ಟದೂರು ಮಾಚುಪಿಚುವಿಗೆ ನಡೆದು ಹೋಗುವ ದಾರಿ. ಆ ದಾರಿಗೆ ದಿನಕ್ಕೆ ಬಿಡೋದೇ 500 ಜನರನ್ನು, ಅದರಲ್ಲೂ ಗೈಡುಗಳು, ಹೊರೆ ಹೊರುವವರೇ ಅರ್ಧಕ್ಕಿಂತ ಹೆಚ್ಚು. ಉರುಬಂಬಾ ನದಿಯ ಕಣಿವೆಯಲ್ಲಿ ಇಂಕಾಗಳ ಕಾಲದ ಬೇರೆ ಕಾಲುದಾರಿಗಳಿವೆ, ಊರಿನವರು ಇವತ್ತಿಗೂ ಅದರಲ್ಲೇ ಓಡಾಡುತ್ತಾರೆ.

ನಾನು ಹೇಳೋದು ಇಷ್ಟೇ: ಗಾಡಿಯಲ್ಲಿ ಹತ್ತಿ, ಕಾಲಲ್ಲಿ ಇಳಿಯಿರಿ. ಒಂದೇ ದಿನದಲ್ಲಿ ಇಡೀ ಕಣಿವೆ ತೋರಿಸುವ ವ್ಯಾನ್ ಟೂರ್ ಮಾತ್ರ ಬೇಡ. ಪ್ರತಿ ಜಾಗದಲ್ಲೂ ಗಡಿಯಾರ ನೋಡುತ್ತಾ ಓಡಿಸುತ್ತಾರೆ, ನಡುವೆ ಅಂಗಡಿಗೆ ಕರೆದೊಯ್ದು ಕೂರಿಸೋಕೆ ಮಾತ್ರ ಅವರಿಗೆ ಧಾರಾಳ ಟೈಮಿರುತ್ತದೆ.

ಮೊದಲು ಎತ್ತರದ ವಿಚಾರ, ಗಾಳಿ ತೆಳುವಾಗಿ ತಲೆನೋವು, ಸುಸ್ತು ಬರಬಹುದು. ಕುಸ್ಕೊ 3,400 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯೇ 1,930. ವಿಮಾನ ಇಳಿದವರು ಕುಸ್ಕೊದಲ್ಲಿ ಉಳಿಯದೆ ನೇರ ಕಣಿವೆಗೆ ಹೋಗಿ, 2,800 ಮೀಟರ್ ಆಸುಪಾಸಿನ ಒಯಾಂತಾಯ್ತಾಂಬೊದಲ್ಲಿ ರೂಮು ಮಾಡಿ. ಕುಸ್ಕೊ ಕೊನೆಗಿರಲಿ. ಕೋಕಾ ಎಲೆಯ ಚಹಾ ಎಲ್ಲಾ ಕಡೆ ಕೊಡುತ್ತಾರೆ, ಕುಡಿಯಿರಿ, ಆದರೆ ಅದನ್ನೇ ಔಷಧಿ ಅಂತ ನಂಬಿಕೊಳ್ಳಬೇಡಿ. ಅಮ್ಮನಿಗೆ ಬಿಪಿ ಇದ್ದರೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿ.

ಒಯಾಂತಾಯ್ತಾಂಬೊದಲ್ಲಿ ಇಂಕಾಗಳು ಹಾಕಿದ ಬೀದಿಗಳಲ್ಲೇ ಜನ ಸಂಸಾರ ಮಾಡುತ್ತಿದ್ದಾರೆ. ಕಲ್ಲುಗಾಲುವೆಯಲ್ಲಿ ಬೆಟ್ಟದ ನೀರು ಮನೆ ಪಕ್ಕದಲ್ಲೇ ಸದ್ದು ಮಾಡುತ್ತಾ ಹರಿಯುತ್ತದೆ. ಊರ ಮೇಲಿನ ಕೋಟೆಯಲ್ಲಿ ಸಾಲಾಗಿ ನಿಲ್ಲಿಸಿದ ಆರು ದೈತ್ಯ ಕಲ್ಲುಗಳಿವೆ. ಅವನ್ನು ತಂದಿದ್ದು ನದಿಯಾಚೆಯ ಕಾಚಿಕಾತಾ ಗಣಿಯಿಂದ. ದಾರಿಯಲ್ಲೇ ಬಿಟ್ಟುಹೋದ ಬಂಡೆಗಳು ಇನ್ನೂ ಬಿದ್ದಿವೆ. ಅಲ್ಲಿಯವರು ಅವಕ್ಕೆ ‘ದಣಿದ ಕಲ್ಲುಗಳು’ ಅನ್ನುತ್ತಾರೆ. ಇಂಕಾ ದೊರೆ ಮಾಂಕೊ ಇಂಕಾನ ಸೈನ್ಯ ಸ್ಪೇನಿನವರನ್ನು ಹಿಮ್ಮೆಟ್ಟಿಸಿದ್ದು ಇಲ್ಲೇ. ಎದುರಿನ ಪಿಂಕುಯ್ಲುನಾ ಗುಡ್ಡದ ಉಗ್ರಾಣಗಳಿಗೆ ಟಿಕೆಟ್ ಇಲ್ಲ, ಆದರೆ ದಾರಿ ಕಡಿದಾಗಿದೆ. ಅಮ್ಮ ಕೆಳಗೆ ಚೌಕದಲ್ಲಿ ಕಾಫಿ ಕುಡಿಯುತ್ತಾ ಕೂತಿರಲಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪೀಸಾಕ್. ಊರಿಂದ ಟ್ಯಾಕ್ಸಿ ಮಾಡಿಕೊಂಡು ಬೆಟ್ಟದ ಮೇಲಿನ ಇಂಕಾ ಅವಶೇಷಗಳ ಮೇಲಿನ ಗೇಟಿಗೆ ಹೋಗಿ. ಎದುರು ಬೆಟ್ಟದ ಕಡಿದಾದ ಮೈಯಲ್ಲಿ ತೂತುಗಳು ಕಾಣುತ್ತವೆ, ಅವೆಲ್ಲಾ ಎಂದೋ ಕಳ್ಳರು ಬಗೆದ ಸಮಾಧಿಗಳು. ಅಲ್ಲಿಂದ ಸಣ್ಣ ಸುರಂಗ ದಾಟಿ ಸೂರ್ಯನ ಗುಡಿಯ ಗುಂಪಿಗೆ ಬಂದರೆ, ಗಾರೆಯಿಲ್ಲದೆ ಕೂರಿಸಿದ ಗೋಡೆಯ ಕಲ್ಲುಗಳ ಸಂದಿಗೆ ಉಗುರೂ ಹೋಗೋದಿಲ್ಲ. ಆಮೇಲೆ ಮೆಟ್ಟಿಲು ಗದ್ದೆಗಳ ನಡುವೆ ಇಳಿಯೋದು. ಒಂದೊಂದು ಗದ್ದೆಯ ಗೋಡೆಯಿಂದಲೂ ನಾಲ್ಕೈದು ಉದ್ದ ಕಲ್ಲುಗಳು ಓರೆಯಾಗಿ ಹೊರಚಾಚಿರುತ್ತವೆ, ಅವೇ ಮೆಟ್ಟಿಲು. ಬೇರೆ ಮೆಟ್ಟಿಲು ಕಟ್ಟಿ ಉಳುವ ನೆಲ ಹಾಳು ಮಾಡಿಲ್ಲ. ಮಣ್ಣಿನಡಿ ಜಲ್ಲಿ ತುಂಬಿದ್ದರಿಂದ ಮಳೆನೀರು ಬಸಿದು ಹೋಗುತ್ತದೆ, ಗೋಡೆ ಕುಸಿಯೋದಿಲ್ಲ. ಇದೆಲ್ಲಾ ವ್ಯಾನಿನ ಕಿಟಕಿಯಿಂದ ಕಾಣುವಂಥದ್ದಲ್ಲ. ನಿಧಾನವಾಗಿ ಇಳಿದರೆ ಎರಡು-ಮೂರು ಗಂಟೆ, ಇಳಿದ ಕೂಡಲೇ ಸಂತೆ. ಕೆಲವು ಕಡೆ ದಾರಿ ಕಿರಿದು, ಒಂದು ಪಕ್ಕ ಪ್ರಪಾತ. ತಲೆಸುತ್ತು ಬರುವವರು ಮೇಲಿನ ಭಾಗ ನೋಡಿ ಅದೇ ಟ್ಯಾಕ್ಸಿಯಲ್ಲಿ ವಾಪಸ್ ಬರಬಹುದು.

ಭಾನುವಾರವನ್ನು ಚಿಂಚೆರೊಗೆ ಇಟ್ಟುಕೊಳ್ಳಿ. 3,760 ಮೀಟರ್, ಕುಸ್ಕೊಗಿಂತಲೂ ಎತ್ತರ, ಹಾಗಾಗಿ ಮೈ ಒಗ್ಗಿದ ಮೇಲೇ ಹೋಗಿ. ಇಂಕಾ ದೊರೆ ತೂಪಾಕ್ ಇಂಕಾ ಯುಪಾಂಕಿಯ ಅರಮನೆಯ ಗೋಡೆಗಳ ಮೇಲೆಯೇ ಸ್ಪೇನಿನವರು ಚರ್ಚ್ ಎಬ್ಬಿಸಿದ್ದಾರೆ. ನೇಕಾರ ಹೆಂಗಸರು ಕಳ್ಳಿಗಿಡದಲ್ಲಿ ಬೆಳೆಯುವ ಕೊಚಿನೀಲ್ ಹುಳುವನ್ನು ಅಂಗೈಯಲ್ಲೇ ಅರೆದು ಕಡುಗೆಂಪು ತೆಗೆಯುತ್ತಾರೆ, ಮೇಲೆ ನಿಂಬೆಹಣ್ಣು ಹಿಂಡಿದರೆ ಕಿತ್ತಳೆ. ಸೊಂಟಕ್ಕೆ ಕಟ್ಟಿಕೊಂಡ ಮಗ್ಗದಲ್ಲಿ ನೇಯ್ದದ್ದಕ್ಕೆ ದುಡ್ಡು ಜಾಸ್ತಿ, ಆದರೂ ಅದನ್ನೇ ತಗೊಳ್ಳಿ. ಹತ್ತು ಅಂಗಡಿಯಲ್ಲಿ ಒಂದೇ ಡಿಸೈನ್ ಇದ್ದರೆ ‘ಬೇಬಿ ಅಲ್ಪಾಕಾ’ (ಅಲ್ಪಾಕಾ ಪ್ರಾಣಿಯ ನವಿರು ಉಣ್ಣೆ) ಅಂದರೂ ನಂಬಬೇಡಿ. ತರಕಾರಿ, ಹಣ್ಣಿನ ಕಡೆ ಕೊಸರು ಬೇಕಾದರೆ ‘ಯಾಪಾ’ ಅನ್ನಿ, ನಗುತ್ತಾ ಒಂದು ಹಿಡಿ ಹಾಕುತ್ತಾರೆ. ಇಲ್ಲಿಂದ ಉರ್ಕಿಯೋಸ್‌ಗೆ ಇಳಿಯುವ ಹಳೇ ಇಂಕಾ ದಾರಿ ಸೊಗಸಾಗಿದೆ. ಆದರೆ ಸುಮಾರು 900 ಮೀಟರ್ ಇಳಿಜಾರು, ಮಂಡಿ ನೋವಿದ್ದವರಿಗೆ ಬೇಡ.

ಊಟಕ್ಕೆ ಉಪವಾಸವೇನೂ ಬೀಳೋದಿಲ್ಲ. ಸಂತೆಯಲ್ಲಿ ದೊಡ್ಡ ಕಾಳಿನ ಬೇಯಿಸಿದ ಮೆಕ್ಕೆಜೋಳ, ಜೊತೆಗೆ ಚೀಸ್ ತುಂಡು ಕೊಡುತ್ತಾರೆ, ಹೊಟ್ಟೆ ತುಂಬುತ್ತದೆ. ಕ್ವಿನೋವಾ ಸೂಪಿನ ಬಗ್ಗೆ ಮಾತ್ರ ಹುಷಾರು: ‘ಸಿನ್ ಕಾರ್ನೆ’ (ಮಾಂಸ ಬೇಡ) ಅಂದರೂ ಕೋಳಿ ಬೇಯಿಸಿದ ನೀರಲ್ಲಿ ಮಾಡಿರಬಹುದು, ‘ಸಿನ್ ಕಾಲ್ದೊ ದೆ ಪೊಯ್ಯೊ’ ಅಂತಲೂ ಸೇರಿಸಿ. ಮನೆ ಮುಂದೆ ಕೋಲಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿದ್ದರೆ ಅಲ್ಲಿ ಚಿಚಾ ಸಿಗುತ್ತದೆ, ಅದು ಮೆಕ್ಕೆಜೋಳದ ಹುಳಿ ಮದ್ಯ. ಅಮ್ಮನಿಗೆ ಮೊದಲೇ ಹೇಳಿಬಿಡಿ.

ಟಿಕೆಟ್ ವಿಷಯ: ಪೀಸಾಕ್, ಒಯಾಂತಾಯ್ತಾಂಬೊ, ಚಿಂಚೆರೊ, ಮೊರಾಯ್ (ಬಳೆಯಾಕಾರದ ಮೆಟ್ಟಿಲು ಗದ್ದೆಗಳ ಜಾಗ) ನಾಲ್ಕಕ್ಕೂ ಸೇರಿಸಿ ಎರಡೇ ದಿನದ ‘ಬೊಲೆಟೊ’ ಒಂದಿದೆ, 16 ಜಾಗಗಳ ಹತ್ತು ದಿನದ್ದು ಇನ್ನೊಂದು. ನಡೆದು ನೋಡುವವರಿಗೆ ಹತ್ತು ದಿನದ್ದೇ ಸರಿ. ನೋಟು ಕೈಯಲ್ಲಿರಲಿ. ಮಾರಾಸ್ ಉಪ್ಪಿನ ಮಡಿಗಳಿಗೂ ಮಾಚುಪಿಚುವಿಗೂ ಬೇರೆ ಟಿಕೆಟ್, ಮಾಚುಪಿಚುವಿನದ್ದಂತೂ ಇವತ್ತೇ ಬುಕ್ ಮಾಡಿ. ಜೂನ್ 24ಕ್ಕೆ ಕುಸ್ಕೊದಲ್ಲಿ ಇಂತಿ ರಾಯ್ಮಿ ಅನ್ನುವ ಸೂರ್ಯನ ಹಬ್ಬ, ಆ ವಾರ ರೂಮಿಗೆ ಪರದಾಟ.