ವಶೀಲಿ ಇಲ್ಲದವನಿಗೆ ಪುಣೆಯಲ್ಲಿ ಕೆಲಸ ಸಿಗುತ್ತದೆಯೇ?

ಬಾಗಲಕೋಟೆ ಕಡೆಯ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮುಗಿಸಿ ಎಂಟು ತಿಂಗಳಿಂದ ಮನೆಯಲ್ಲಿದ್ದೇನೆ, ನಮ್ಮ ಕಾಲೇಜಿನ ಹೆಸರಿಗೆ ಪುಣೆಯಲ್ಲಿ ಬೆಲೆ ಇದೆಯೇ ಎಂದು ಕೇಳಿದ್ದೀರಿ. ನಿಮಗಿಂತ ಕಡಿಮೆ ಅಂಕ ತೆಗೆದ ಗೆಳೆಯನಿಗೆ ಹಿಂಜೆವಾಡಿಯಲ್ಲಿರುವ ಸೋದರಮಾವನ ಕೃಪೆಯಿಂದ ತಿಂಗಳೊಳಗೆ ಕೆಲಸವಾಯಿತು ಎಂದೂ ಬರೆದಿದ್ದೀರಿ. ಆ ಸಾಲನ್ನು ಬರೆಯುವಾಗ ನಿಮಗಾದ ಸಂಕಟ ನನಗೆ ಗೊತ್ತು. ಇಪ್ಪತ್ತು ವರ್ಷಗಳ ಹಿಂದೆ ರೋಣದಿಂದ ಬಂದು ಸ್ವಾರಗೇಟಿನಲ್ಲಿ ಬಸ್ ಇಳಿದಾಗ ನನ್ನ ಕೈಯಲ್ಲೂ ಯಾರೂ ಕೇಳರಿಯದ ಕಾಲೇಜಿನ ಅಂಕಪಟ್ಟಿಯೇ ಇತ್ತು.

ಸುಳ್ಳು ಸಮಾಧಾನ ಹೇಳಲಾರೆ. ದೊಡ್ಡ ಕಂಪನಿಗಳ ಬಾಗಿಲಲ್ಲಿ ಆ ಹೆಸರಿಗೆ ಬೆಲೆ ಇಲ್ಲ. ಹೆಸರಾಂತ ಕಾಲೇಜುಗಳಿಗೆ ಅವರೇ ಹುಡುಕಿಕೊಂಡು ಹೋಗುತ್ತಾರೆ. ನಮ್ಮಂಥವರು ಆನ್‌ಲೈನ್ ಅರ್ಜಿ ತುಂಬಬೇಕು. ಅದರಲ್ಲಿ ಕಾಲೇಜುಗಳ ಉದ್ದನೆಯ ಪಟ್ಟಿ ತೆರೆದುಕೊಳ್ಳುತ್ತದೆ. ತಳದವರೆಗೆ ಹುಡುಕಿದರೂ ನಮ್ಮದು ಸಿಗದೆ ಕೊನೆಗೆ ‘ಇತರೆ’ ಎಂಬುದನ್ನು ಒತ್ತಬೇಕಾಗುತ್ತದೆ. ಎಷ್ಟೋ ಅರ್ಜಿಗಳು ಅಲ್ಲಿಂದ ಮುಂದೆ ಹೋಗುವುದೇ ಇಲ್ಲ.

ಇದು ಇಂದಿನ ಕಥೆಯೂ ಅಲ್ಲ. ನಮ್ಮ ವಿಶ್ವೇಶ್ವರಯ್ಯನವರು ಓದಿದ್ದು ಇದೇ ಪುಣೆಯಲ್ಲಿ, ಮುಂದೆ ಸಿಒಇಪಿ (ಕಾಲೇಜ್ ಆಫ್ ಎಂಜಿನಿಯರಿಂಗ್, ಪುಣೆ) ಎಂದು ಹೆಸರಾದ ಕಾಲೇಜಿನಲ್ಲಿ. 1883ರಲ್ಲಿ ಮೊದಲ ಸ್ಥಾನ ಪಡೆದರು, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು. ಪ್ರತಿಭೆ ಅವರದೇ, ಅನುಮಾನವಿಲ್ಲ. ಆದರೆ ತಂದೆಯನ್ನು ಕಳೆದುಕೊಂಡಿದ್ದ ಆ ಬಡ ಹುಡುಗ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಗದಿದ್ದರೆ ಈ ಊರು ಮುಟ್ಟುತ್ತಿದ್ದರೇ? ಅಂಥವರಿಗೂ ಒಂದು ಆಸರೆ ಬೇಕಾಯಿತು ಎಂದು ಖಡಕವಾಸಲಾ ಅಣೆಕಟ್ಟಿನ ಕಡೆ ಹೋದಾಗಲೆಲ್ಲ ನೆನೆಯುತ್ತೇನೆ. ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಮೊದಲು ಅಳವಡಿಸಿದ್ದು ಅಲ್ಲಿಯೇ.

ಹಾಗಾದರೆ ನಮಗೆ ದಾರಿ ಎಲ್ಲಿ? ನನಗೆ ಸಿಕ್ಕಿದ್ದು ಪುಣೆ ಪಕ್ಕದ ಕೈಗಾರಿಕಾ ಪ್ರದೇಶ ಭೋಸರಿಯಲ್ಲಿ. ಚಾಕಣದ ವಾಹನ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪುಗಳು ಅಲ್ಲಿ ಗಲ್ಲಿಗಲ್ಲಿಯಲ್ಲಿವೆ. ನಾನು ಹೋದ ಶೆಡ್ಡಿನ ಮಾಲೀಕರು ನನ್ನ ಅಂಕಪಟ್ಟಿಯನ್ನು ತೆರೆಯಲಿಲ್ಲ. ಎಣ್ಣೆ ಹತ್ತಿದ ಒಂದು ಬುಷ್ (ಕೊಳವೆಯಾಕಾರದ ಬಿಡಿಭಾಗ) ಮತ್ತು ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಕೈಗೆ ಕೊಟ್ಟು ಒಳವ್ಯಾಸ ಹೇಳು ಎಂದರು. ನಾನು ಬುಷ್ಷನ್ನು ಬಟ್ಟೆಯಲ್ಲಿ ಒರೆಸಿ, ವರ್ನಿಯರ್ ಮುಚ್ಚಿ ಸೊನ್ನೆ ಸರಿಯಾಗಿದೆಯೇ ಎಂದು ನೋಡಿ, ಮೂರು ಕಡೆ ಅಳೆದು ಹೇಳಿದೆ. ಒಂದು ಕಡೆಯ ಅಳತೆ 0.04 ಮಿಲಿಮೀಟರ್ ಹೆಚ್ಚು ಬಂತು, ಅದನ್ನೂ ಹೇಳಿದೆ. ‘ನಾಳೆ ಎಂಟಕ್ಕೆ ಬಾ’ ಎಂದರು. ಸಂಬಳ ಕಡಿಮೆ, ಎರಡು ವರ್ಷ ಕಷ್ಟಪಟ್ಟೆ. ಆದರೆ ಮೂರನೆಯ ವರ್ಷ ದೊಡ್ಡ ಕಂಪನಿಯ ಗುಣಮಟ್ಟ ವಿಭಾಗಕ್ಕೆ ಸಂದರ್ಶನಕ್ಕೆ ಹೋದಾಗ ಎಲ್ಲರೂ ಕೇಳಿದ್ದು ಭೋಸರಿಯ ಕೆಲಸದ ಬಗ್ಗೆ, ಕಾಲೇಜಿನ ಬಗ್ಗೆ ಅಲ್ಲ.

ಇನ್ನೊಂದು ದಾರಿ ಅಪ್ರೆಂಟಿಸ್‌ಶಿಪ್. ಪದವೀಧರರಿಗೆ ಒಂದು ವರ್ಷದ ತರಬೇತಿ, ಕೇಂದ್ರ ಸರ್ಕಾರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ. ಭತ್ಯೆ ದೊಡ್ಡದಲ್ಲ, ಕಾಯಂ ಆಗುವ ಭರವಸೆಯೂ ಇಲ್ಲ. ಆದರೆ ಮುಂದಿನ ಅರ್ಜಿಯಲ್ಲಿ ಕಾಲೇಜಿಗಿಂತ ಮೇಲೆ ಒಂದು ಕಾರ್ಖಾನೆಯ ಹೆಸರು ಕೂರುತ್ತದೆ.

ವಶೀಲಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಚಿಕ್ಕಪ್ಪನ ಮಗನಿಗೆ ಸಂಬಂಧಿಕರೊಬ್ಬರು ತಮ್ಮ ಕಚೇರಿಯಲ್ಲೇ ಕೆಲಸ ಕೊಡಿಸಿದರು. ನಾಲ್ಕು ವರ್ಷ ಅವನು ಸಂಬಳ ಹೆಚ್ಚಿಸಿ ಎಂದು ಬಾಯಿ ಬಿಡಲಿಲ್ಲ. ಬೇರೆ ಕಡೆ ಒಳ್ಳೆಯ ಕೆಲಸ ಬಂದಾಗಲೂ ಹೋಗಲಿಲ್ಲ, ಹೋದರೆ ಅವರ ಮುಖಕ್ಕೆ ಮಸಿ ಬಳಿದಂತೆ ಎಂದು ಊರಿನಿಂದ ಚಿಕ್ಕಪ್ಪನೇ ಫೋನ್ ಮಾಡಿ ತಡೆದರು. ಆ ಹುಡುಗನ ಜಾಣತನ ಅಲ್ಲೇ ಕಮರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಗೆಳೆಯನಿಗೂ ಹಾಗೇ ಆಗುತ್ತದೆ ಎಂದು ಹೇಳುತ್ತಿಲ್ಲ, ಅವನಿಗೆ ಒಳ್ಳೆಯದಾಗಲಿ.

ಆದರೆ ಇಲ್ಲಿನವರು ‘ಓಳಖ್’ ಎನ್ನುತ್ತಾರಲ್ಲ, ಆ ಪರಿಚಯ ಬೇರೆ. ಯಾವ ಶೆಡ್ಡಿನಲ್ಲಿ ಜನ ಬೇಕಾಗಿದ್ದಾರೆ, ಯಾವ ಮಾಲೀಕ ಸಂಬಳ ಹಿಡಿದಿಟ್ಟುಕೊಳ್ಳುತ್ತಾನೆ, ಕೋಣೆ ಎಲ್ಲಿ ಅಗ್ಗ ಎಂಬುದು ಜಾಹೀರಾತಿನಲ್ಲಿ ಬರುವುದಿಲ್ಲ. ದೊಡ್ಡ ಮನೆತನದ ಹುಡುಗನಿಗೆ ಇದೆಲ್ಲ ಊಟದ ಹೊತ್ತಿನಲ್ಲೇ ಕಿವಿಗೆ ಬೀಳುತ್ತದೆ. ನೀವು ಕೇಳಿಕೊಂಡು ತಿರುಗಬೇಕು. ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಹೋಗಿ, ನಾಚಿಕೆ ಬಿಟ್ಟು ನಾಲ್ಕು ಜನರೊಡನೆ ಮಾತಾಡಿ. ಮರಾಠಿಯನ್ನು ಬಂದ ದಿನದಿಂದಲೇ ಕಲಿಯಿರಿ. ಶೆಡ್ಡಿನಲ್ಲಿ ಯಂತ್ರದ ಮುಂದೆ ನಿಂತವರು ಕೆಲಸ ಕಲಿಸುವುದು ಆ ಭಾಷೆಯಲ್ಲೇ.

ಮೂರು ತಿಂಗಳ ಖರ್ಚಿಗೆ ಹಣ ಹೊಂದಿಸಿಕೊಂಡು ಬನ್ನಿ. ಭೋಸರಿಯಲ್ಲಿ ನನಗೆ ಗೊತ್ತಿರುವ ಇಬ್ಬರು ಮಾಲೀಕರ ಬಳಿ ಕರೆದುಕೊಂಡು ಹೋಗುತ್ತೇನೆ. ಹುಡುಗನನ್ನು ಪರೀಕ್ಷೆ ಮಾಡಿ ನೋಡಿ ಎಂದಷ್ಟೇ ಹೇಳುತ್ತೇನೆ. ನಿಮ್ಮ ಪ್ರಾಜೆಕ್ಟಿನ ಡ್ರಾಯಿಂಗ್ ಇದ್ದರೆ ಮಡಚದೆ ಸುರುಳಿ ಸುತ್ತಿ ತನ್ನಿ, ಅದನ್ನು ಖಂಡಿತ ಕೇಳುತ್ತಾರೆ.